ಹಾಳೆ ಇನ್ನೂರ ಹದಿನಾಲ್ಕು, ಹಿಂಬದಿ

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು.
ಪ್ರಾಂಶುಪಾಲರು ಮೈಕಿನಲ್ಲಿ ಎರಡು ಸಲ
ಮೊರೊಕ್ಕೊ ಎಂದರು. ನಾನು ತಿದ್ದಲಿಲ್ಲ.
ಮೂವತ್ತೊಂದು ವರ್ಷ ಸ್ಟಾಫ್ ರೂಮಿನಲ್ಲಿ
ಮೆಕ್ಸಿಕೊ ಎಂದೇ ಕರೆಸಿಕೊಂಡವಳು,
ಕೊನೆಯ ದಿನ ಬೇರೆ ದೇಶವಾದರೆ ಏನು ಹೋಯಿತು.

ಬೆಂಗ್ರೆಯ ಜಲಜಾಕ್ಷಿ ಪುತ್ರನ್.
ಎಂಟೂ ಹತ್ತರ ಫೆರಿ, ಬಂದರಿನ ದಕ್ಕೆ,
ಐಸಿನ ನೀರು ಹರಿವ ಕಲ್ಲಿನ ಮೇಲೆ
ನೆರಿಗೆ ಎತ್ತಿ ಹಿಡಿದು, ಬಗಲಲ್ಲಿ ಬೆಳ್ಳಿಗಣಿಗಳ ಲೆಕ್ಕ.
ಸಂದರ್ಶನದಲ್ಲಿ ಕೇಳಿದ್ದರು:
ಯಾಕಮ್ಮ, ಕೆಳದಿ ಇಲ್ಲವೇ?
ಬಾರಕೂರು ಒಂದೇ ಬಸ್ಸಿನ ದಾರಿ!
ಆಮೇಲೆ ಒಂದು ಫಾರ್ಮ್ ಬಂತು,
‘ಸ್ಥಳೀಯ ಪ್ರಸ್ತುತತೆ’ ಎಂಬ ಕಾಲಂ.
ಚಿಕ್ಕು, ಎಂದು ಬರೆದೆ.
ಹಣ್ಣೂ ಅಲ್ಲಿಯದು, ಹೆಸರೂ ಅಲ್ಲಿಯದು.
ತಮಾಷೆ ಬೇಡ ಎಂದು ಹಿಂದಕ್ಕೆ ಕಳಿಸಿದರು.

ಜೆಪ್ಪುವಿನ ಕಾನ್ವೆಂಟಿನಲ್ಲಿ ಗೋವೆಯ ಸಿಸ್ಟರ್ ಎದ್ವಿಜೆಸ್
ನಾಲ್ಕು ವರ್ಷದ ಭಾನುವಾರಗಳಲ್ಲಿ ಕಲಿಸಿದ ಸ್ಪ್ಯಾನಿಷ್
ಅರ್ಧಕ್ಕರ್ಧ ಪೋರ್ಚುಗೀಸ್ ಎಂದು ತಿಳಿದದ್ದು
ಅಲ್ಲಿ ಇಳಿದ ಮೇಲೆ, ಟ್ಯಾಕ್ಸಿಯವನು ನಕ್ಕಾಗ.
ಹನ್ನೊಂದು ವಾರದ ಫೆಲೋಶಿಪ್. ಒಂದೇ ಸಲ.
ಪತ್ರಾಗಾರ ಹಿಂದೊಮ್ಮೆ ಜೈಲಾಗಿತ್ತಂತೆ:
ಗೋಡೆ ದಪ್ಪ, ಬೆಳಕು ಕಡಿಮೆ, ಪೆನ್ಸಿಲ್ ಮಾತ್ರ.
ನಾನು ಹುಡುಕಿದ್ದು ತೆರಿಗೆಯ ದಾಖಲೆ.
ಸಿಕ್ಕಿದವನು ಒಬ್ಬ ಕ್ಷೌರಿಕ.

ಹಡಗಿನಲ್ಲಿ ಮನಿಲಾಕ್ಕೆ, ಮನಿಲಾದಿಂದ ಅಕಪುಲ್ಕೊಗೆ,
ಮೂರು ಸಲ ಮಾರಾಟವಾದವನು.
ವಯಸ್ಸು: ಗೊತ್ತಿಲ್ಲ ಎನ್ನುತ್ತಾನೆ.
ಊರು: ಮಂಗಳೂರು.
ಅಂಗಡಿ ಹಾಕಲು ಪರವಾನಗಿ ಬೇಡುತ್ತಾನೆ.
ಜ್ಞಾನಸ್ನಾನಕ್ಕೆ ಮುಂಚೆ ಯಾವ ಹೆಸರು ಎಂದು ಕೇಳಿದ್ದಾನೆ ಗುಮಾಸ್ತ,
ಕೇಳಿ, ಎರಡಕ್ಷರ ಬರೆದು, ಗೀಚಿ ಹೊಡೆದು,
ಪಕ್ಕದಲ್ಲಿ: ಹೀಗೇನೋ ಹೇಳುತ್ತಾನೆ, ತಿಳಿಯಲಿಲ್ಲ.

ಅಷ್ಟೇ. ಹಾಳೆ ತಿರುವಿದರೆ ಬೇರೆ ಯಾರದೋ ಹೇಸರಗತ್ತೆಯ ತಕರಾರು.

ಆ ಗೀಚಿನ ಅಡಿಯ ಎರಡಕ್ಷರಕ್ಕೆ ನನ್ನ ಹತ್ತೊಂಬತ್ತು ವರ್ಷ.
ಭೂತಗನ್ನಡಿ ಹಿಡಿದೆ, ಲಿಸ್ಬನ್ನಿಗೆ ಪತ್ರ ಬರೆದೆ,
ಬಡ್ತಿಗೆ ಮೂರು ಸಲ ಅರ್ಜಿ ಹಾಕಿ ಎರಡು ಸಲ ಸೋತೆ.
ನಡುವೆ ಒಂದು ಸಂಜೆ, ಅಮ್ಮ ಬೂತಾಯಿ ಹೆಚ್ಚುತ್ತಿದ್ದಳು,
ನಾನು ಹೊಸ್ತಿಲಲ್ಲಿ ಕೂತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ,
ಸ್ಪ್ಯಾನಿಷಿನವರು ಓದುವ ಹಾಗೆ: ಕೊ... ಗೆ...
ಕತ್ತಿಯಿಂದ ಕಣ್ಣೆತ್ತದೆ ಅಮ್ಮ:
‘ಕೊಗ್ಗೆ ಅತ್ತಾ?’

ಅವಳ ಅಜ್ಜನ ತಮ್ಮನೂ ಕೊಗ್ಗನೇ.
ಈ ದಂಡೆಯಲ್ಲಿ ಆ ಹೆಸರು ಒಂದು ಬುಟ್ಟಿ ಇತ್ತು ಎಂದಳು,
ತಲೆ ಒಂದು ಕಡೆ, ಕರುಳು ಬೆಕ್ಕಿಗೆ.

ಪ್ರಬಂಧದಲ್ಲಿ ಹಾಕಿದೆ, ಅಡಿಟಿಪ್ಪಣಿ ನಲವತ್ತೇಳು:
ಮೌಖಿಕ ಮಾಹಿತಿ, ಕಾವೇರಮ್ಮ, ಬೆಂಗ್ರೆ.
ಪರಿಶೀಲಕರು ಸೌಜನ್ಯದಿಂದಲೇ ಹೊಡೆದು ಹಾಕಿದರು.
ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಹೊಡೆಯುತ್ತಿದ್ದೆ.
ತಾಯಿಯ ಕಿವಿ ಆಧಾರವಲ್ಲ
ಎಂದು ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ.
ಹೊಡೆದದ್ದರ ಪ್ರತಿ ಮಾತ್ರ ಇಟ್ಟುಕೊಂಡಿದ್ದೇನೆ.

ನಮ್ಮ ದಂಡೆಗೆ ಹಾಳೆಗಳಿಲ್ಲ.
ಅಳಿವೆ ಬಾಯಿ ಜಾಗ ಬದಲಿಸುತ್ತದೆ,
ಮನೆಗಳನ್ನು ಹಿಂದಕ್ಕೆ ಸರಿಸಿ ಕಟ್ಟುತ್ತಾರೆ.
ಅವನನ್ನು ಯಾರು ಕಾದರು, ಎಷ್ಟು ದಿನ,
ಯಾವಾಗ ಕಾಯುವುದು ಬಿಟ್ಟು ಬಲೆ ಹೆಣೆಯಲು ಕೂತರು,
ಇದಕ್ಕೆ ಯಾವ ಊರಿನ ಯಾವ ಜೈಲಿಗೆ ಹೋಗಲಿ?

ಐದೂವರೆಯ ಫೆರಿ. ಇಲಾಖೆಯ ಕಪಾಟಿನ ಕೀ
ಕೊಡುವುದು ಮರೆತು ಬ್ಯಾಗಿನಲ್ಲೇ ಉಳಿದಿದೆ.
ಬುಟ್ಟಿಯ ಚಿಕ್ಕು ಒಂದನ್ನು ಟಿಕೆಟಿನ ಹುಡುಗನಿಗೆ ಕೊಟ್ಟೆ,
ಸಿಪ್ಪೆ ಸಮೇತ ತಿಂದು ಬೀಜ ಹೊಳೆಗೆ ಉಗುಳಿದ.
ಈಚೆ ದಕ್ಕೆ, ಆಚೆ ಮನೆ, ನಡುವೆ ಏಳು ನಿಮಿಷದ ನೀರು.

ಅವನಿಗೆ ಈಜು ಬರುತ್ತಿತ್ತೇ?
ಗುಮಾಸ್ತ ಅದನ್ನು ಕೇಳಲಿಲ್ಲ.